ಹತ್ತು ವರ್ಷದ ವಾರಂಟಿ, ಮೊದಲ ದಿನದ ಕೆಲಸ

ಐಟಿಐಯಲ್ಲಿ ಫ್ರಿಜ್ ಮತ್ತು ಎಸಿ ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗರಿಗೆ ಪಾಠ ಹೇಳುವವನು ನಾನು. ಹೊಸ ಬ್ಯಾಚ್ ಬಂದ ಮೊದಲ ವಾರ ಸ್ಪ್ಯಾನರ್ ಕೊಡುವುದಿಲ್ಲ. ಒಂದು ವಾರಂಟಿ ಕಾರ್ಡ್ ಕೊಟ್ಟು, ಎದ್ದು ನಿಂತು ಗಟ್ಟಿಯಾಗಿ ಓದಿ ಅನ್ನುತ್ತೇನೆ. ನಾಳೆ ಇವರು ಮನೆಮನೆಗೆ ಹೋಗಿ ಎಸಿ ಕೂರಿಸುವವರು. ತಾವು ಮಾಡುವ ಕೆಲಸಕ್ಕೂ ಆ ಕಾಗದಕ್ಕೂ ಏನು ನಂಟು ಎಂಬುದು ಇವರಿಗೆ ಮೊದಲು ಗೊತ್ತಾಗಬೇಕು. ಅದೇ ಪಾಠವನ್ನು ಇವತ್ತು, ಮೊದಲ ಸಲ ಎಸಿ ಕೊಳ್ಳಲು ಹೊರಟಿರುವ ನಿಮಗೆ ಹೇಳುತ್ತಿದ್ದೇನೆ. ಯಂತ್ರದ ವಿಷಯ ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನಿಧಾನವಾಗಿ ಹೋಗೋಣ.

ಅಂಗಡಿಯಲ್ಲಿ ಎಸಿಯ ಮೈಮೇಲೆ ‘10 ವರ್ಷ ವಾರಂಟಿ’ ಎಂಬ ಸ್ಟಿಕ್ಕರ್ ಇರುತ್ತದಲ್ಲ, ಅದು ಇಡೀ ಎಸಿಗೆ ಅಲ್ಲ. ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಎಸಿಗಳಲ್ಲಿ ವಾರಂಟಿ ಮೂರು ತುಂಡಾಗಿರುತ್ತದೆ. ಇಡೀ ಯಂತ್ರಕ್ಕೆ ಒಂದು ವರ್ಷ. ಪಿಸಿಬಿ ಎನ್ನುವ ಎಲೆಕ್ಟ್ರಾನಿಕ್ ಬೋರ್ಡಿಗೆ, ಕಂಪನಿ ಕೊಟ್ಟಿದ್ದರೆ, ಐದು ವರ್ಷದವರೆಗೆ. ಹತ್ತು ವರ್ಷ ಎನ್ನುವುದು ಹೊರಗಿಡುವ ಪೆಟ್ಟಿಗೆಯೊಳಗೆ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿಗೆ ಮಾತ್ರ. ಅದರಲ್ಲೂ ಕಂಪನಿ ಕೊಡುವುದು ಕಂಪ್ರೆಸರ್ ಎಂಬ ವಸ್ತುವನ್ನು. ಅದನ್ನು ಬಿಚ್ಚಿ ಕೂರಿಸುವ ಕೂಲಿ, ಹೊಸದಾಗಿ ತುಂಬುವ ಗ್ಯಾಸು, ಮೆಕ್ಯಾನಿಕ್ ಮನೆಗೆ ಬಂದ ಖರ್ಚು, ಸಾಗಣೆ ಇವೆಲ್ಲ ಮೊದಲ ವರ್ಷ ಮುಗಿದ ಮೇಲೆ ಅನೇಕ ಕಾರ್ಡುಗಳಲ್ಲಿ ಗ್ರಾಹಕರ ಮೇಲೆಯೇ ಬೀಳುತ್ತವೆ. ರಿಮೋಟು, ಫಿಲ್ಟರು, ಪ್ಲಾಸ್ಟಿಕ್ ಭಾಗಗಳು ಮೊದಲ ವರ್ಷದಲ್ಲೂ ಹೊರಗೇ ಉಳಿಯುವುದುಂಟು. ಹಾಗಾಗಿ ಕೊಳ್ಳುವ ಮುಂಚೆ ಅಂಗಡಿಯವರಿಗೆ ಕೇಳಬೇಕಾದ್ದು ‘ಎಷ್ಟು ವರ್ಷ?’ ಎಂದಲ್ಲ, ‘ಯಾವ ಭಾಗಕ್ಕೆ ಎಷ್ಟು ವರ್ಷ, ಗ್ಯಾಸು ಮತ್ತು ಕೂಲಿ ಸೇರಿದೆಯೇ?’ ಎಂದು. ಒಳಗಿನ ಮತ್ತು ಹೊರಗಿನ ತಾಮ್ರದ ಕಾಯಿಲ್‌ಗಳಿಗೆ ಎಷ್ಟು ವರ್ಷ ಎಂಬುದನ್ನೂ ಕೇಳಿ. ಗ್ಯಾಸು ಸೋರುವುದು ಬಹಳ ಸಲ ಅಲ್ಲಿಂದಲೇ.

ಇನ್ನು ತಾರೀಕು. ವಾರಂಟಿಯ ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಬಿಲ್ಲಿನ ದಿನದಿಂದ, ಗೋಡೆಗೆ ಕೂರಿಸಿದ ದಿನದಿಂದ ಅಲ್ಲ. ದೀಪಾವಳಿ ರಿಯಾಯಿತಿಯಲ್ಲಿ ಎರಡು ಎಸಿ ಕೊಂಡು, ಕಟ್ಟುತ್ತಿರುವ ಮನೆಯ ಮೂಲೆಯಲ್ಲಿ ಪೆಟ್ಟಿಗೆ ಸಮೇತ ಇಟ್ಟು, ಯುಗಾದಿ ಕಳೆದು ಗೃಹಪ್ರವೇಶವಾದ ಮೇಲೆ ಹಾಕಿಸಿದವರನ್ನು ಬಲ್ಲೆ. ಅವರಿಗೆ ಸಿಕ್ಕಬೇಕಾದ ಒಂದು ವರ್ಷದಲ್ಲಿ ಆರು ತಿಂಗಳು ಪೆಟ್ಟಿಗೆಯಲ್ಲೇ ಕಳೆದುಹೋಗಿತ್ತು. ಗೋಡೆಗೆ ಬಣ್ಣ ಬಳಿದಾದ ಮೇಲೆ ಕೊಳ್ಳಿ.

ಬಿಲ್ಲು ಪಕ್ಕಾ ಬಿಲ್ಲೇ ಆಗಿರಬೇಕು. ಜಿಎಸ್‌ಟಿ ನಂಬರು, ಮಾಡೆಲ್ ನಂಬರು, ಒಳಗಿನ ಹೊರಗಿನ ಎರಡೂ ಯೂನಿಟ್ಟುಗಳ ಸೀರಿಯಲ್ ನಂಬರು ಅದರಲ್ಲಿರಲಿ. ಚೀಟಿಯ ಮೇಲೆ ಬರೆದುಕೊಟ್ಟ ಕಚ್ಚಾ ಬಿಲ್ಲಿನಿಂದ ಸ್ವಲ್ಪ ದುಡ್ಡು ಉಳಿಯಬಹುದು, ಆದರೆ ಅದನ್ನು ಹಿಡಿದು ಕಂಪನಿಯ ಮುಂದೆ ನಿಲ್ಲಲಾಗುವುದಿಲ್ಲ. ಕೆಲವು ಅಂಗಡಿಗಳು ಕೊಡುವ ನುಣುಪು ಕಾಗದದ ಬಿಲ್ಲು ಶಾಖಕ್ಕೆ ಅಚ್ಚು ಮೂಡುವಂಥದ್ದು. ಒಂದೆರಡು ವರ್ಷದಲ್ಲಿ ಅಕ್ಷರವೆಲ್ಲ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ತಂದ ದಿನವೇ ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಅಂಟಿಸಿರುವ ಸೀರಿಯಲ್ ಚೀಟಿಯ ಫೋಟೋವನ್ನೂ ಹೊಸದಿರುವಾಗಲೇ ತೆಗೆಯಿರಿ, ಯಾಕೆಂದರೆ ಅದು ಬಿಸಿಲು ಮಳೆಗೆ ಸಿಕ್ಕು ಓದಲಾಗದಂತಾಗುತ್ತದೆ. ನಂಬರು ಕಾಣದ ಯಂತ್ರಕ್ಕೆ ವಾರಂಟಿ ಇಲ್ಲ ಎಂದು ಬಹಳ ಕಾರ್ಡುಗಳಲ್ಲಿ ಬರೆದಿರುತ್ತದೆ. ಕಂಪನಿಯ ಆ್ಯಪಿನಲ್ಲೋ ಫೋನಿನಲ್ಲೋ ನೋಂದಣಿ ಮಾಡಿಸಬೇಕೆಂಬ ಷರತ್ತಿದ್ದರೆ ಆ ವಾರವೇ ಮುಗಿಸಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತು ವರ್ಷದ ವಾರಂಟಿಯ ಹಣೆಬರಹ ಹೆಚ್ಚಾಗಿ ನಿರ್ಧಾರವಾಗುವುದು ಎಸಿ ಕೂರಿಸುವ ದಿನದ ಎರಡು ಮೂರು ಗಂಟೆಗಳಲ್ಲಿ. ಯಾಕೆ ಅಂತ ವಿವರಿಸುತ್ತೇನೆ, ಕೇಳಿ.

ಫ್ರಿಜ್ಜನ್ನು ಕಾರ್ಖಾನೆಯಲ್ಲಿ ಪೂರ್ತಿ ಬೆಸುಗೆ ಹಾಕಿ ಮುಚ್ಚಿ ಕಳಿಸುತ್ತಾರೆ. ನಾವು ಪ್ಲಗ್ ಹಾಕಿದರೆ ಸಾಕು. ಸ್ಪ್ಲಿಟ್ ಎಸಿ ಹಾಗಲ್ಲ, ಅದು ನಮ್ಮ ಮನೆಗೆ ಅರ್ಧ ತಯಾರಾಗಿ ಬರುತ್ತದೆ. ಗ್ಯಾಸು ಹೊರಗಿನ ಯೂನಿಟ್ಟಿನಲ್ಲಿ ಬಂದಿಯಾಗಿರುತ್ತದೆ. ಒಳಗಿನ ಯೂನಿಟ್ಟು ಮತ್ತು ನಡುವಿನ ತಾಮ್ರದ ಪೈಪುಗಳನ್ನು ಮನೆಯಲ್ಲೇ ಜೋಡಿಸಬೇಕು. ಪೈಪಿನ ತುದಿಯನ್ನು ಗಂಟೆಯ ಬಾಯಿಯ ಹಾಗೆ ಅಗಲಿಸಿ, ಹಿತ್ತಾಳೆಯ ನಟ್ಟಿನಿಂದ ಬಿಗಿಯುವುದಕ್ಕೆ ಫ್ಲೇರ್ ಎನ್ನುತ್ತಾರೆ. ಅಂಥ ನಾಲ್ಕು ಜೋಡಣೆಗಳಿರುತ್ತವೆ. ಒಂದರ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ಗ್ಯಾಸು ನಿಧಾನವಾಗಿ ಹೊರಡುತ್ತದೆ. ಈಗಿನ ಹೊಸ ಎಸಿಗಳಲ್ಲಿ ಹೆಚ್ಚಾಗಿ ಬರುವ ಆರ್-32 ಗ್ಯಾಸಿನ ಒತ್ತಡ ಹಳೆಯ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು. ಹಿಂದೆ ನಡೆದುಹೋಗುತ್ತಿದ್ದ ಸಡಿಲು ಕೆಲಸ ಈಗ ನಡೆಯುವುದಿಲ್ಲ.

ಸೋರಿಕೆಗಿಂತ ದೊಡ್ಡ ಶತ್ರು ತೇವ. ಜೋಡಿಸಿದ ಪೈಪಿನೊಳಗೆ ನಮ್ಮ ಕೋಣೆಯ ಗಾಳಿಯೇ ತುಂಬಿರುತ್ತದೆ, ಗಾಳಿಯ ಜೊತೆಗೆ ನೀರಿನ ಆವಿಯೂ ಇರುತ್ತದೆ. ಆರ್-32 ಎಸಿಗಳ ಕಂಪ್ರೆಸರಿನಲ್ಲಿರುವ ಎಣ್ಣೆ, ಅಡುಗೆಮನೆಯ ಉಪ್ಪಿನ ಹಾಗೆ, ತೇವವನ್ನು ಬೇಗ ಹೀರಿಕೊಳ್ಳುವಂಥದ್ದು. ಹೀರಿದ ನೀರು ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಕಂಪ್ರೆಸರಿನೊಳಗಿನ ಮೋಟರಿನ ತಂತಿಗಳ ಹೊದಿಕೆಯನ್ನು ತಿಂಗಳುಗಟ್ಟಲೆ ಸವೆಸುತ್ತಾ ಹೋಗುತ್ತದೆ. ಮೊದಲ ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಎರಡನೆಯ, ಮೂರನೆಯ ಬೇಸಿಗೆಯಲ್ಲಿ ಕಂಪ್ರೆಸರ್ ಸುಡುತ್ತದೆ.

ಈ ತೇವವನ್ನು ತೆಗೆಯಲು ಇರುವ ಉಪಾಯ ವ್ಯಾಕ್ಯೂಮ್ ಪಂಪು. ತರಗತಿಯಲ್ಲಿ ಇದನ್ನು ಮುಳ್ಳಯ್ಯನಗಿರಿಯಿಂದ ಶುರು ಮಾಡುತ್ತೇನೆ. ಸಮುದ್ರದ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಗಿರಿಯ ತುದಿಯಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಎಳೆಯುತ್ತಾ ಹೋದರೆ ಒಳಗೆ ಯಾವ ಬೆಟ್ಟಕ್ಕೂ ಇಲ್ಲದಷ್ಟು ಕಡಿಮೆ ಒತ್ತಡ ಉಂಟಾಗಿ, ಕೋಣೆಯ ಬಿಸಿಯಲ್ಲೇ ನೀರು ಕುದ್ದು ಆವಿಯಾಗಿ ಹೊರಬರುತ್ತದೆ. ಈ ಒತ್ತಡ ಅಳೆಯುವ ಮೈಕ್ರಾನ್ ಗೇಜಿನಲ್ಲಿ ಹೊರಗಿನ ಗಾಳಿ 7,60,000 ತೋರಿಸಿದರೆ, ಒಳ್ಳೆಯ ಕೆಲಸಗಾರ ಅದನ್ನು 500ಕ್ಕೂ ಕೆಳಗೆ ಇಳಿಸುತ್ತಾನೆ. ಆಮೇಲೆ ಪಂಪು ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕಾಯುತ್ತಾನೆ. ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತರೆ ಜೋಡಣೆ ಗಟ್ಟಿ, ಪೈಪು ಒಣಗಿದೆ ಎಂದರ್ಥ. ಒಂದೇ ಸಮನೆ ಮೇಲೇರುತ್ತಿದ್ದರೆ ಎಲ್ಲೋ ಸೋರುತ್ತಿದೆ. ಸಾಕಷ್ಟು ಏರಿ ನಿಂತುಬಿಟ್ಟರೆ ಇನ್ನೂ ತೇವ ಉಳಿದಿದೆ, ಪಂಪು ಮತ್ತೆ ಓಡಬೇಕು.

ಪಂಪಿಲ್ಲದೆ ಬರುವವರು ಏನು ಮಾಡುತ್ತಾರೆಂದರೆ, ಹೊರಗಿನ ಯೂನಿಟ್ಟಿನ ವಾಲ್ವನ್ನು ಅರೆಗಳಿಗೆ ತೆರೆದು, ಒಳಗಿನ ಗ್ಯಾಸಿನಿಂದಲೇ ಗಾಳಿಯನ್ನು ‘ಬುಸ್’ ಎಂದು ಹೊರಗೆ ತಳ್ಳಿಬಿಡುತ್ತಾರೆ. ಐದು ನಿಮಿಷದ ಕೆಲಸ. ಗಾಳಿ ಸ್ವಲ್ಪಮಟ್ಟಿಗೆ ಹೋಗುತ್ತದೆ, ಪೈಪಿನ ಗೋಡೆಗೆ ಅಂಟಿದ ತೇವ ಹೋಗುವುದಿಲ್ಲ. ಅಳತೆಮಾಡಿ ತುಂಬಿದ್ದ ಗ್ಯಾಸೂ ಕಡಿಮೆಯಾಗುತ್ತದೆ. ಅಲ್ಲದೆ ಆರ್-32 ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣದ ಗ್ಯಾಸು, ಮನೆಯೊಳಗೆ ಹೀಗೆ ಬಿಡುವಂಥದ್ದಲ್ಲ. ಇನ್ನೊಂದು ವಿಷಯವನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಎಷ್ಟು ಸಲ ಹೇಳಿದರೂ ಸಾಲದೆನಿಸುತ್ತದೆ: ಸೋರಿಕೆ ಪರೀಕ್ಷೆಗೆ ಪೈಪಿಗೆ ಒತ್ತಡ ಕೊಡಬೇಕಾದಾಗ ನೈಟ್ರೋಜನ್ ಮಾತ್ರ ಬಳಸಬೇಕು. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಹಚ್ಚಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗಿ ಪ್ರಾಣ ಹೋಗುತ್ತದೆ.

ಹಾಗಾಗಿ ಕೂರಿಸುವವರು ಬಾಗಿಲಿಗೆ ಬಂದಾಗ ಮೊದಲು ನೀರು ಕೊಟ್ಟು, ನಂತರ ಮರ್ಯಾದೆಯಿಂದಲೇ ಕೇಳಿ: ‘ಅಣ್ಣಾ, ವ್ಯಾಕ್ಯೂಮ್ ಪಂಪು ತಂದಿದ್ದೀರಾ?’ ತಂದಿಲ್ಲವೆಂದರೆ ಪಂಪು ತಂದ ದಿನವೇ ಕೂರಿಸಲಿ, ಒಂದು ದಿನ ಸೆಕೆ ತಡೆದುಕೊಳ್ಳಿ. ಬಂದವರು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನವರೇ ಎಂಬುದನ್ನು ಕಂಪ್ಲೇಂಟ್ ನಂಬರಿನ ಮೂಲಕ ಖಚಿತ ಮಾಡಿಕೊಳ್ಳಿ. ಪೆಟ್ಟಿಗೆಯ ಜೊತೆ ಸಾಮಾನ್ಯವಾಗಿ 3 ಮೀಟರ್ ಪೈಪು ಬರುತ್ತದೆ. ಅದಕ್ಕಿಂತ ಉದ್ದ ಬೇಕಾದರೆ ಎಷ್ಟು ಮೀಟರ್ ಹಾಕಿದರು, ಅದಕ್ಕೆ ಎಷ್ಟು ಗ್ರಾಂ ಗ್ಯಾಸು ಸೇರಿಸಿದರು ಎಂಬುದನ್ನು ಜಾಬ್ ಶೀಟಿನಲ್ಲಿ, ಅಂದರೆ ಅವರು ಕೊಡುವ ಕೆಲಸದ ಚೀಟಿಯಲ್ಲಿ, ಬರೆಸಿ. ಕೆಲಸ ಮುಗಿದ ಮೇಲೆ ಅವರು ನಿಮ್ಮ ಮೊಬೈಲಿಗೆ ಬಂದ ಓಟಿಪಿ ಕೇಳುತ್ತಾರೆ. ಆ ನಂಬರು ಕೊಟ್ಟರೆ ‘ಕೆಲಸ ತೃಪ್ತಿಕರ’ ಎಂದು ಕಂಪನಿಯ ದಾಖಲೆಯಲ್ಲಿ ಸೇರುತ್ತದೆ. ಎಸಿ ಅರ್ಧ ಗಂಟೆ ಓಡಿ, ತಂಪು ಬಂದು, ನೀರು ಸರಿಯಾಗಿ ಹೊರಗೆ ಹರಿಯುವುದನ್ನು ನೋಡಿಯೇ ಕೊಡಿ.

ಕರೆಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎಸಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ವೈರು, ಪ್ರತ್ಯೇಕ ಎಂಸಿಬಿ, ಒಳ್ಳೆಯ ಅರ್ಥಿಂಗ್ ಬೇಕು. ಟಿವಿಯ ಪ್ಲಗ್ಗಿನಿಂದ ಎಳೆಯಬಾರದು. ‘ಸ್ಟೆಬಿಲೈಸರ್ ಬೇಡ’ ಎಂದು ಮಾರುವ ಇನ್ವರ್ಟರ್ ಎಸಿಗಳಿಗೂ ಇಂತಿಷ್ಟು ವೋಲ್ಟ್‌ನಿಂದ ಇಂತಿಷ್ಟರವರೆಗೆ ಎಂಬ ಮಿತಿ ಕಾರ್ಡಿನಲ್ಲಿರುತ್ತದೆ. ಸಂಜೆ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಊರಿನಲ್ಲಿ ಕರೆಂಟು ಆ ಮಿತಿ ದಾಟುತ್ತದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಂದು ಸಲ ಅಳೆಸಿ. ವೋಲ್ಟೇಜ್ ಏರಿಳಿತದಿಂದ ಸುಟ್ಟ ಬೋರ್ಡಿಗೆ ವಾರಂಟಿ ಸಿಗುವುದು ಕಷ್ಟ.

ಕಲಬುರಗಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಕೊಂಡ ಎರಡನೇ ಬೇಸಿಗೆಯಲ್ಲಿ ಅವಳ ಎಸಿ ತಂಪು ಕೊಡುವುದು ನಿಲ್ಲಿಸಿತು. ಭಾವ ಮೊಬೈಲಿನಲ್ಲಿ ಕಂಪನಿಯ ಹೆಸರು, ಪಕ್ಕದಲ್ಲಿ ಕಸ್ಟಮರ್ ಕೇರ್ ಎಂದು ಹುಡುಕಿ, ಮೊದಲು ಕಂಡ ನಂಬರಿಗೆ ಫೋನು ಮಾಡಿದರು. ಎರಡು ಗಂಟೆಯಲ್ಲಿ ಒಬ್ಬ ಬಂದ. ಶರಟಿನ ಮೇಲೆ ಕಂಪನಿಯ ಗುರುತೂ ಇತ್ತಂತೆ. ಗ್ಯಾಸು ಖಾಲಿಯಾಗಿದೆ ಎಂದು ತುಂಬಿ ದುಡ್ಡು ತಗೊಂಡು ಹೋದ. ಅಕ್ಕ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ‘ಗ್ಯಾಸ್ ಹಾಕಿ ಹ್ವಾದ ನೋಡಪ್ಪ, ಎಂಟ್ ದಿನ ಛಲೋ ತಂಪ ಇತ್ತು, ಈಗ ಮತ್ತ ಬಿಸಿ ಗಾಳಿನೇ ಬರ್ಲಿಕತ್ತದ.’ ಮತ್ತೆ ಕರೆದರು, ಮತ್ತೆ ತುಂಬಿದ. ಮೂರನೇ ಸಲಕ್ಕೆ ಕಂಪ್ರೆಸರ್ ನಿಂತಿತು. ಆಗ ನಾನು ಹೇಳಿ ವಾರಂಟಿ ಕಾರ್ಡಿನಲ್ಲಿದ್ದ ನಂಬರಿಗೆ ಮಾಡಿಸಿದೆ. ನಿಜವಾದ ಕಂಪನಿಯವರು ಬಂದು ನೋಡಿ, ಹೊರಗಿನವರು ಪೈಪು ಬಿಚ್ಚಿ ಬೆಸುಗೆ ಹಾಕಿದ್ದಾರೆ, ವಾರಂಟಿ ಅನ್ವಯಿಸುವುದಿಲ್ಲ ಎಂದು ಬರೆದುಕೊಟ್ಟು ಹೋದರು. ಮೊದಲು ಬಂದವನು ಯಾರೋ, ಆ ನಂಬರು ಯಾರದೋ.

ಈ ಒಂದು ಪ್ರಸಂಗದಲ್ಲಿ ಎರಡು ಪಾಠಗಳಿವೆ. ಒಂದು, ಸಹಾಯವಾಣಿಯ ನಂಬರನ್ನು ಕಾರ್ಡಿನಿಂದಲೋ ಕಂಪನಿಯ ಸ್ವಂತ ಆ್ಯಪಿನಿಂದಲೋ ಮಾತ್ರ ತೆಗೆದುಕೊಂಡು, ಎಸಿ ಕೊಂಡ ದಿನವೇ ಮೊಬೈಲಿನಲ್ಲಿ ಸೇವ್ ಮಾಡಿಡಿ. ಸೆಕೆಯ ರಾತ್ರಿಯಲ್ಲಿ ಹುಡುಕಲು ಕೂತರೆ ಯಾರಾದರೂ ಮೋಸ ಹೋಗುತ್ತಾರೆ. ಎರಡನೆಯದು, ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಅದು ಒಳಗೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ, ಮುಚ್ಚದೆ, ಮತ್ತೆ ವ್ಯಾಕ್ಯೂಮ್ ಮಾಡದೆ ‘ಟಾಪ್ ಅಪ್’ ಮಾಡುತ್ತೇನೆ ಎನ್ನುವವರನ್ನು ಅಲ್ಲಿಯೇ ನಿಲ್ಲಿಸಿ. ಗ್ಯಾಸು ಕಡಿಮೆಯಾದ ಎಸಿಯನ್ನು ಓಡಿಸುತ್ತಲೇ ಇದ್ದರೆ ಕಂಪ್ರೆಸರನ್ನು ತಣ್ಣಗಿಡುವ ಗ್ಯಾಸಿನ ಹರಿವೇ ಇಲ್ಲದೆ ಅದು ಕಾದು ಸುಡುತ್ತದೆ. ತಂಪು ಕಡಿಮೆ ಅನಿಸಿದೊಡನೆ ಆಫ್ ಮಾಡಿ ಫೋನು ಮಾಡಿ.

ಜಾಗದ ಆಯ್ಕೆಯೂ ವಾರಂಟಿಗೆ ಸಂಬಂಧಿಸಿದ್ದೇ. ಹೊರಗಿನ ಯೂನಿಟ್ಟು ಬಿಸಿ ಗಾಳಿಯನ್ನು ಉಗುಳುವಂಥದ್ದು. ಅಪಾರ್ಟ್‌ಮೆಂಟುಗಳಲ್ಲಿ ಚಂದ ಕಾಣಲೆಂದು ಅದನ್ನು ಕಿರಿದಾದ ಡಕ್ಟಿನೊಳಗೆ ತಳ್ಳಿ ಮುಂದೆ ಜಾಲರಿ ಮುಚ್ಚುತ್ತಾರೆ. ಉಗುಳಿದ ಬಿಸಿಯನ್ನೇ ಅದು ಮತ್ತೆ ಎಳೆದುಕೊಂಡು ಒತ್ತಡ ಏರಿ ಪದೇ ಪದೇ ಟ್ರಿಪ್ ಆಗುತ್ತದೆ. ಸುತ್ತ ಎಷ್ಟು ಜಾಗ ಬಿಡಬೇಕೆಂಬ ಅಳತೆ ಇನ್‌ಸ್ಟಾಲೇಷನ್ ಪುಸ್ತಕದಲ್ಲಿರುತ್ತದೆ, ಅಷ್ಟು ಬಿಟ್ಟಿಲ್ಲವೆಂದು ಕಂಡರೆ ‘ತಪ್ಪಾಗಿ ಕೂರಿಸಲಾಗಿದೆ’ ಎಂಬ ಷರಾ ಬರಬಹುದು. ಮಂಗಳೂರು, ಉಡುಪಿ, ಕಾರವಾರದ ಕಡಲಂಚಿನಲ್ಲಿ ಉಪ್ಪುಗಾಳಿ ಕಾಯಿಲಿನ ರೆಕ್ಕೆಗಳನ್ನು ತಿನ್ನುತ್ತದೆ. ಬೆಂಗಳೂರಿನಲ್ಲಿ ರಾಜಕಾಲುವೆಯ ಪಕ್ಕ, ಚರಂಡಿ ನೀರು ಕೊಳೆತು ನಿಂತ ಕೆರೆಯ ಅಂಚಿನಲ್ಲಿ ಏಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನೇ ಕಪ್ಪಾಗಿಸಿ ಸೂಜಿಮೊನೆಯಷ್ಟು ತೂತು ಮಾಡುತ್ತದೆ. ತುಕ್ಕಿನಿಂದಾದ ಹಾನಿಯನ್ನು ಅನೇಕ ಕಾರ್ಡುಗಳು ಹೊರಗಿಡುತ್ತವೆ. ಇಂಥ ಕಡೆ ಮನೆಯಿದ್ದರೆ ಲೇಪನವಿರುವ ಕಾಯಿಲಿನ ಮಾಡೆಲ್ ಕೇಳಿ, ಕಾಯಿಲಿಗೆ ಹೆಚ್ಚು ವರ್ಷ ಕೊಡುವ ಕಂಪನಿಯನ್ನು ಆರಿಸಿ. ಹಲ್ಲಿ ಬೋರ್ಡಿನ ಮೇಲೆ ಹರಿದು ಶಾರ್ಟ್ ಆಗುವುದು, ಇಲಿ ವೈರು ಕಡಿಯುವುದು, ಸಿಡಿಲು ಇವೂ ಸಾಮಾನ್ಯವಾಗಿ ವಾರಂಟಿಯ ಹೊರಗೇ. ಗೋಡೆಯಲ್ಲಿ ಪೈಪಿಗಾಗಿ ಕೊರೆದ ತೂತನ್ನು ಕೂರಿಸಿದ ದಿನವೇ ಪುಟ್ಟಿ ಹಾಕಿ ಮುಚ್ಚಿಸಿದರೆ ಈ ಅತಿಥಿಗಳು ಅರ್ಧ ಕಡಿಮೆಯಾಗುತ್ತಾರೆ.

ಸರ್ವಿಸಿನ ವಿಷಯದಲ್ಲಿ ಹೊಸಬರಿಗೆ ಒಂದು ಹೆದರಿಕೆ: ನಾವು ಮುಟ್ಟಿದರೆ ವಾರಂಟಿ ಹೋಗುತ್ತದೆಯೇ? ಮುಂದಿನ ಮುಚ್ಚಳ ಎತ್ತಿ ಫಿಲ್ಟರು ತೆಗೆದು ನಲ್ಲಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು ನಿಮ್ಮದೇ ಕೆಲಸ. ಬೇಸಿಗೆಯಲ್ಲಿ ಎರಡು ವಾರಕ್ಕೊಮ್ಮೆ ಮಾಡಿ. ಹೊರಗಿನ ಯೂನಿಟ್ಟಿನ ಸುತ್ತ ಒಣ ಎಲೆ, ಪಾರಿವಾಳದ ಗೂಡು ತೆಗೆಯುವುದೂ ಅಷ್ಟೇ. ಸ್ಕ್ರೂ ಬಿಚ್ಚಬೇಕಾದ ಯಾವ ಕೆಲಸಕ್ಕೂ ಕೈಹಾಕಬೇಡಿ. ನೀರು ಚಿಮ್ಮಿಸಿ ಕಾಯಿಲ್ ತೊಳೆಯುವ ಸರ್ವಿಸನ್ನು ವಾರಂಟಿ ಇರುವಷ್ಟು ಕಾಲ ಅಧಿಕೃತರಿಂದಲೇ ಮಾಡಿಸಿ. ಬೀದಿಯ ಮೆಕ್ಯಾನಿಕ್ ಕೆಲಸ ಬಾರದವನೆಂದಲ್ಲ, ನನ್ನ ಶಿಷ್ಯರಲ್ಲೇ ಬಹಳ ಮಂದಿ ಸ್ವಂತ ಅಂಗಡಿ ಇಟ್ಟಿದ್ದಾರೆ, ಅವರ ಕೈಗುಣ ನನಗೆ ಗೊತ್ತು. ಆದರೆ ವಾರಂಟಿಯ ಅವಧಿಯಲ್ಲಿ ಕಂಪನಿಗೆ ಬೇಕಾದ್ದು ತನ್ನ ಜಾಬ್ ಶೀಟು. ಮೊದಲ ವರ್ಷದ ಉಚಿತ ಸರ್ವಿಸುಗಳನ್ನು ಕಂಪನಿಯವರೇ ನೆನಪಿಸುತ್ತಾರೆಂದು ಕಾಯಬೇಡಿ, ನೀವೇ ಬುಕ್ ಮಾಡಿ. ಒಂದೊಂದು ಶೀಟನ್ನೂ ಬಿಲ್ಲಿನ ಜೊತೆ ಒಂದೇ ಫೈಲಿನಲ್ಲಿ ಸೇರಿಸಿ. ಮುಂದೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ, ಮಾಡಿಸುವುದಾದರೆ ಬಿಡಿಭಾಗ ಮತ್ತು ಗ್ಯಾಸು ಸೇರಿದ ಒಪ್ಪಂದವೋ, ಬರೀ ಕೂಲಿಯದೋ ಎಂದು ಕೇಳಿ ಬರೆಸಿಕೊಳ್ಳಿ.

ಮನೆಗೆಂದು ಕೊಂಡ ಎಸಿಯನ್ನು ಅಂಗಡಿಯಲ್ಲೋ ಕ್ಲಿನಿಕ್ಕಿನಲ್ಲೋ ಹಾಕಿದರೆ, ಮನೆಯನ್ನು ಪಿಜಿ ಮಾಡಿ ಬಾಡಿಗೆಗೆ ಕೊಟ್ಟರೆ, ‘ವಾಣಿಜ್ಯ ಬಳಕೆ’ ಎಂಬ ಷರತ್ತು ಅಡ್ಡ ಬರಬಹುದು. ಮನೆ ಬದಲಿಸುವಾಗ ಎಸಿ ಬಿಚ್ಚಿ ಮತ್ತೆ ಕೂರಿಸುವುದು ಮತ್ತೊಂದು ‘ಮೊದಲ ದಿನ’ ಇದ್ದ ಹಾಗೆ. ಸಾಮಾನು ಸಾಗಿಸುವವರೊಡನೆ ಬಂದ ಹುಡುಗನ ಕೈಗೆ ಕೊಡದೆ ಕಂಪನಿಯಿಂದಲೇ ಮಾಡಿಸಿ, ಹೊಸ ಫ್ಲೇರ್, ಹೊಸ ವ್ಯಾಕ್ಯೂಮ್ ಮಾಡಿಸಿ, ಹೊಸ ವಿಳಾಸ ದಾಖಲಿಸಿ.

ಅಮೆರಿಕದಲ್ಲಿ ಮನೆ ಕೊಂಡ ಮಕ್ಕಳ ಬಗ್ಗೆ ಕೇಳುವ ತಂದೆತಾಯಿಗಳೂ ಇದ್ದಾರೆ. ಅಲ್ಲಿ ಬಹಳ ಕಡೆ ತಂಪಿಗೂ ಬಿಸಿಗೂ ಮನೆಗೆಲ್ಲ ಸೇರಿ ಒಂದೇ ವ್ಯವಸ್ಥೆ ಇರುತ್ತದೆ, ಎಸಿಯ ಜೊತೆ ಫರ್ನೇಸೋ, ಇಲ್ಲವೇ ಹೀಟ್ ಪಂಪೋ. ಅಲ್ಲಿನ ಹಲವು ದೊಡ್ಡ ಕಂಪನಿಗಳಲ್ಲಿ ಕೂರಿಸಿದ 60 ಅಥವಾ 90 ದಿನಗಳೊಳಗೆ ನೋಂದಾಯಿಸಿದರೆ ಬಿಡಿಭಾಗಗಳಿಗೆ 10 ವರ್ಷ, ಮರೆತರೆ 5 ವರ್ಷ. ಹಳೆಯ ಮನೆ ಕೊಂಡವರು ಹಿಂದಿನ ಮಾಲೀಕರ ವಾರಂಟಿ ತಮಗೆ ವರ್ಗವಾಗುತ್ತದೆಯೇ, ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು ಎಂದು ಬೀಗದ ಕೈ ಪಡೆಯುವ ವಾರವೇ ವಿಚಾರಿಸಬೇಕು. ವರ್ಷಕ್ಕೊಮ್ಮೆ ಪರವಾನಗಿ ಇರುವವರಿಂದ ಸರ್ವಿಸ್ ಮಾಡಿಸಿದ ರಸೀದಿಗಳು ಅಲ್ಲೂ ಬೇಕು. ಇಲ್ಲಿ ದಿಲ್ಲಿಯಲ್ಲೋ ಮಡಿಕೇರಿಯಲ್ಲೋ ‘ಹಾಟ್ ಅಂಡ್ ಕೋಲ್ಡ್’ ಎಸಿ ಹಾಕಿಸುವವರಿಗೂ ಒಂದು ಮಾತು: ಅದು ಒಂದು ವಾಲ್ವಿನಿಂದ ಗ್ಯಾಸಿನ ದಿಕ್ಕು ತಿರುಗಿಸಿ ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ. ಬರೀ ತಂಪಿನ ಎಸಿಯಲ್ಲಿ ರಿಮೋಟ್ ಎಷ್ಟು ಒತ್ತಿದರೂ ಬಿಸಿ ಬರುವುದಿಲ್ಲ. ಮಾಡೆಲ್ ನೋಡಿ ಕೊಳ್ಳಿ.

ಎಲ್ಲ ಸರಿಯಾಗಿ ಮಾಡಿದ ಮೇಲೂ ಕಂಪನಿ ವಾರಂಟಿ ನಿರಾಕರಿಸಿದರೆ, ಕಾರಣವನ್ನು ಬರಹದಲ್ಲಿ ಕೇಳಿ, ಯಾವ ಷರತ್ತು ಮುರಿದಿದೆ ಎಂದು ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಒಪ್ಪಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿಯೋ ಕಂಪನಿಯೋ ಇರುವ ಊರಿಗೆ ಅಲೆಯಬೇಕಿಲ್ಲ. ಕೊಂಡ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿನ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅಲ್ಲಿ ಮಾತಾಡುವುದು ನಿಮ್ಮ ಫೈಲಿನಲ್ಲಿರುವ ಬಿಲ್ಲು, ಜಾಬ್ ಶೀಟು, ಕಂಪ್ಲೇಂಟ್ ನಂಬರು, ಫೋಟೋಗಳು.

ಅಕ್ಕನ ಮನೆಗೆ ಕಳೆದ ವರ್ಷ ಹೊಸ ಎಸಿ ಬಂತು. ಕೂರಿಸುವ ದಿನ ನಾನು ಹೋಗಲಾಗಲಿಲ್ಲ. ಸಂಜೆ ಅವಳೇ ಒಂದು ಫೋಟೋ ಕಳಿಸಿದಳು. ಗೇಜಿನ ಮೇಲೆ 420 ಎಂದಿತ್ತು. ಹತ್ತು ನಿಮಿಷ ಬಿಟ್ಟು ತೆಗೆದ ಇನ್ನೊಂದು ಫೋಟೋದಲ್ಲಿ 440. ಕೆಳಗೆ ಅವಳ ಮೊಮ್ಮಗಳ ಕೈಬರಹದಲ್ಲಿ ತಾರೀಕು, ಎರಡೂ ಸೀರಿಯಲ್ ನಂಬರು, ಪೈಪಿನ ಉದ್ದ ಎಲ್ಲ ಬರೆದಿತ್ತು.